ಕುರ್ವೆಗೆ ಸೈಕಲ್: ಶನಿವಾರ-ಭಾನುವಾರದ ಪ್ರವಾಸದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶನಿವಾರ ಬೆಳಿಗ್ಗೆ ಶಿರಸಿಯಲ್ಲಿ ಸೈಕಲ್ ಹತ್ತುವುದು, ದೇವಿಮನೆ ಘಟ್ಟ ಇಳಿಯುವುದು, ಹೊಳೆ ನಡುವಿನ ಕುರ್ವೆಯಲ್ಲಿ ರಾತ್ರಿ ಉಳಿಯುವುದು, ಭಾನುವಾರ ಅಘನಾಶಿನಿ ದಾಟಿ ಗೋಕರ್ಣದ ಕಡೆ ಮುಗಿಸುವುದು. ಬೈಕ್‌ಪ್ಯಾಕಿಂಗ್ ಅನ್ನುವ ಈ ಬಗೆಯ ಪ್ರವಾಸವನ್ನು ಕೆಲವು ವರ್ಷಗಳಿಂದ ಮಳೆಗಾಲ ಕಳೆದ ಮೇಲೆ ನಾನೂ ಗೆಳೆಯರೂ ಮಾಡುತ್ತಾ ಬಂದಿದ್ದೇವೆ. ಫೋನ್ ಮಾಡಿ ಕೇಳುವವರು, ಮದುವೆ ಮನೆಯಲ್ಲಿ ಹಿಡಿದು ನಿಲ್ಲಿಸಿ ಕೇಳುವವರು ಬಹಳ ಜನ. ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಅದಕ್ಕೇ ಒಂದೇ ಕಡೆ ಬರೆದಿಟ್ಟಿದ್ದೇನೆ.

ಬೈಕ್‌ಪ್ಯಾಕಿಂಗ್ ಅಂದ್ರೆ ಮೋಟರ್ ಬೈಕಲ್ಲಿ ಹೋಗೋದಾ?

ಅಲ್ಲ. ಪೆಡಲ್ ತುಳಿಯುವ ಸೈಕಲ್ಲೇ. ಹಿಂದೆ ಕ್ಯಾರಿಯರ್ ಕಟ್ಟಿ ದೊಡ್ಡ ಚೀಲ ಹೇರುವ ಬದಲು, ಸಾಮಾನನ್ನು ಹ್ಯಾಂಡಲ್, ಫ್ರೇಮ್ ಮತ್ತು ಸೀಟಿನ ಕೆಳಗೆ ಸಣ್ಣ ಸಣ್ಣ ಚೀಲಗಳಲ್ಲಿ ಬಿಗಿದು ಕಟ್ಟುವುದು ಇದರ ರೀತಿ. ಅಗಲ ಕಡಿಮೆ ಇರುವುದರಿಂದ ಕಾಲುದಾರಿಯಲ್ಲೂ ಹೋಗಬಹುದು, ಎತ್ತಿಕೊಂಡು ದೋಣಿಗೂ ಇಡಬಹುದು. ಈ ಪ್ರವಾಸಕ್ಕೆ ಎರಡನೆಯದು ಮುಖ್ಯ.

ಕುರ್ವೆ ಅಂದ್ರೆ ದ್ವೀಪವೇನಾ?

ಹೌದು, ನದಿಯ ದ್ವೀಪ. ಹೊಳೆ ಸಮುದ್ರ ಸೇರುವ ಮೊದಲು ಅಗಲವಾಗಿ ಹರಡಿಕೊಂಡು, ಹೊತ್ತು ತಂದ ಮಣ್ಣನ್ನು ಅಲ್ಲಲ್ಲಿ ಬಿಡುತ್ತದೆ. ಹಾಗೆ ನಿಂತ ನೆಲವೇ ಕುರ್ವೆ. ಉಡುಪಿ ಕಡೆ ಇದನ್ನೇ ಕುದ್ರು ಅನ್ನುತ್ತಾರೆ. ಅಘನಾಶಿನಿಯಲ್ಲಿ ಐಗಳಕುರ್ವೆ, ಮಾಸೂರುಕುರ್ವೆ ಇವೆ. ಹೊನ್ನಾವರದ ಶರಾವತಿಯಲ್ಲಿ ಮಾವಿನಕುರ್ವೆ ಇದೆ. ಇವು ಖಾಲಿ ನಡುಗಡ್ಡೆಗಳಲ್ಲ. ಮನೆ, ತೆಂಗಿನ ತೋಟ, ಗದ್ದೆ ಎಲ್ಲ ಇರುವ ಊರುಗಳು.

ಕಾರವಾರದ ಕಡೆ ನಿಜವಾದ ಸಮುದ್ರದ ದ್ವೀಪಗಳೇ ಇವೆಯಲ್ಲ, ಅಲ್ಲಿಗೆ ಯಾಕೆ ಹೋಗೋದಿಲ್ಲ?

ಸೈಕಲ್ಲಿಗೆ ಅಲ್ಲಿ ಕೆಲಸ ಇಲ್ಲ. ಕಾರವಾರದ ಎದುರಿನ ಕುರುಮಗಡ ಚಂದದ ಜಾಗ, ನರಸಿಂಹ ದೇವರ ಗುಡಿ ಇದೆ. ಆದರೆ ಅದು ಗುಡ್ಡ, ಹತ್ತಿ ಇಳಿಯಬೇಕು. ಹೊನ್ನಾವರದ ಬಸವರಾಜದುರ್ಗವೂ ಹಾಗೇ. ಅಂಜುದೀವ್ ನೌಕಾಪಡೆಯ ಸುಪರ್ದಿಯಲ್ಲಿದೆ. ಮುರುಡೇಶ್ವರದ ಎದುರಿನ ನೇತ್ರಾಣಿಗೆ ಜನ ಹೋಗುವುದು ನೀರಿನೊಳಗೆ ಮುಳುಗಿ ಮೀನು, ಹವಳ ನೋಡಲು.

ಸಮುದ್ರದ ದಾರಿಯನ್ನು ಹಗುರವಾಗಿ ತಗೊಳ್ಳಲೂಬಾರದು. 2019ರ ಜನವರಿ 21ರಂದು ಕುರುಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 15ಕ್ಕೂ ಹೆಚ್ಚು ಜನ ತೀರಿಕೊಂಡರು. ಹೊಳೆಯಲ್ಲೂ ನಾವು ಲೈಫ್ ಜಾಕೆಟ್ ಇಲ್ಲದೆ ದೋಣಿ ಹತ್ತುವುದಿಲ್ಲ. ಕೆಲವು ದೋಣಿಗಳಲ್ಲಿ ಇರುವುದಿಲ್ಲ, ಆದ್ದರಿಂದ ನಮ್ಮದೇ ಒಯ್ಯುತ್ತೇವೆ. ಚೀಲದಲ್ಲಿ ಜಾಗ ಹಿಡಿಯುತ್ತದೆ, ಹಿಡಿಯಲಿ.

ನೀವು ಉಳಿಯುವ ಕುರ್ವೆ ಯಾವುದು?

ಹೆಸರು ಬರೆಯುವುದಿಲ್ಲ, ಬೇಸರ ಮಾಡಿಕೊಳ್ಳಬೇಡಿ. ಕೆಲವೇ ಮನೆಗಳಿರುವ ಸಣ್ಣ ಜಾಗ ಅದು. ಒಂದೇ ವಾರ ನಲವತ್ತು ಜನ ಬಂದಿಳಿದರೆ ಅಲ್ಲಿಯ ಬಾವಿ ತಾಳುವುದಿಲ್ಲ. ನೀವು ಮೊದಲ ಸಲ ಹೋಗುವವರಾದರೆ ದೊಡ್ಡ ಕುರ್ವೆ ಆರಿಸಿ. ಕುಮಟಾ ಅಥವಾ ಹೊನ್ನಾವರದಲ್ಲಿ ಪರಿಚಯದವರು ಇದ್ದೇ ಇರುತ್ತಾರೆ, ಅವರ ಮೂಲಕ ಒಂದು ಮನೆಯವರ ಹತ್ತಿರ ಮೊದಲೇ ಮಾತಾಡಿ. ಹೇಳದೆ ಕೇಳದೆ ಸಂಜೆ ಹೊತ್ತಿಗೆ ಹೋಗಿ ನಿಲ್ಲುವುದು ಬೇಡ.

ದಾರಿ ಹೇಗೆ? ಎಷ್ಟು ದೂರ?

ಶಿರಸಿಯಿಂದ ಕುಮಟಾಕ್ಕೆ ಸುಮಾರು 60 ಕಿ.ಮೀ. ರಾಗಿಹೊಸಳ್ಳಿ ತನಕ ಏರಿಳಿತದ ಮಲೆನಾಡಿನ ದಾರಿ. ಅಲ್ಲಿಂದ ಮುಂದೆ ದೇವಿಮನೆ. ಗುಡಿಯ ಹತ್ತಿರ ನಿಂತು ಬ್ರೇಕ್ ಒಮ್ಮೆ ಪರೀಕ್ಷೆ ಮಾಡಿಯೇ ಇಳಿಯಬೇಕು. ತಿರುವುಗಳಲ್ಲಿ ಬ್ರೇಕ್ ಒತ್ತಿ ಹಿಡಿದುಕೊಂಡೇ ಇರಬೇಡಿ, ಬಿಟ್ಟು ಬಿಟ್ಟು ಹಿಡಿಯಿರಿ. ರಿಮ್ ಬ್ರೇಕ್ ಇರುವವರು ನಡುವೆ ಎರಡು ಸಲ ನಿಂತು ರಿಮ್ ಆರಲು ಬಿಡಿ. ಕತಗಾಲಕ್ಕೆ ಬರುವಷ್ಟರಲ್ಲಿ ಗಾಳಿಯೇ ಬೇರೆ, ಬೆವರು ಶುರು.

ಕುಮಟಾದಿಂದ ಕುರ್ವೆ, ಅಲ್ಲಿನ ಓಡಾಟ ಎಲ್ಲ ಸೇರಿ ಶನಿವಾರಕ್ಕೆ 75 ಕಿ.ಮೀ. ಆಸುಪಾಸು. ಭಾನುವಾರ 40ರ ಹತ್ತಿರ, ಅದೂ ಹೆಚ್ಚಿನದೆಲ್ಲ ಸಮತಟ್ಟು. ವಾರಕ್ಕೆ ಎರಡು ಸಲ 25-30 ಕಿ.ಮೀ. ತುಳಿಯುವ ಅಭ್ಯಾಸ ಇದ್ದರೆ ಸಾಕು. ಆ ಅಭ್ಯಾಸ ಇಲ್ಲದವರು ಕುಮಟಾದಿಂದಲೇ ಶುರು ಮಾಡಿ. ಘಟ್ಟ ಬಿಟ್ಟರೂ ಪ್ರವಾಸದ ಸಾರ ಬಿಟ್ಟುಹೋಗುವುದಿಲ್ಲ.

ಘಟ್ಟದ ರಸ್ತೆಯನ್ನು ಕಾಮಗಾರಿಗೆ ಅಂತ ಮುಚ್ಚುವುದುಂಟು. ಹೊರಡುವ ಹಿಂದಿನ ದಿನ ಶಿರಸಿ ಬಸ್ ನಿಲ್ದಾಣದಲ್ಲಿ ಒಂದು ಮಾತು ವಿಚಾರಿಸಿ.

ಯಾವ ತಿಂಗಳು ಒಳ್ಳೆಯದು?

ನವೆಂಬರ್‌ನಿಂದ ಫೆಬ್ರವರಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಬೇಡವೇ ಬೇಡ. ಹೊಳೆ ತುಂಬಿ ಕೆಂಪಾಗಿರುತ್ತದೆ, ಗುಡ್ಡದ ಮಣ್ಣು ಸಡಿಲಾಗಿರುತ್ತದೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಕುಸಿದದ್ದನ್ನು ನಮ್ಮ ಜಿಲ್ಲೆಯವರು ಯಾರೂ ಮರೆತಿಲ್ಲ. ಮಾರ್ಚ್ ನಂತರ ಸೆಕೆ ಜಾಸ್ತಿ. ಏಪ್ರಿಲ್-ಮೇನಲ್ಲಿ ಬಂದರೆ ಒಂದು ಲಾಭ ಇದೆ. ಕುಮಟಾದ ಸಿಹಿ ಈರುಳ್ಳಿ ಜಡೆ ಹೆಣೆದು ಹೆದ್ದಾರಿ ಬದಿಗೆ ತೂಗುಹಾಕಿರುತ್ತಾರೆ, ಹಸಿಯಾಗಿಯೇ ತಿನ್ನಬಹುದು.

ಉಬ್ಬರ-ಇಳಿತದ ಲೆಕ್ಕ ಅಷ್ಟು ಮುಖ್ಯವಾ?

ಎಲ್ಲಕ್ಕಿಂತ ಮುಖ್ಯ. ಗಡಿಯಾರ ನೋಡಿ ಪ್ಲ್ಯಾನ್ ಮಾಡಿದವರು ಕುರ್ವೆಗೆ ಹೋಗಿ ಒದ್ದಾಡುತ್ತಾರೆ. ಅಲ್ಲಿ ಗಡಿಯಾರ ಹೊಳೆಯೇ.

ಅಘನಾಶಿನಿ ಶಿರಸಿ ಸೀಮೆಯಲ್ಲಿ ಹುಟ್ಟಿ ಸಮುದ್ರದ ತನಕ ಅಣೆಕಟ್ಟಿಲ್ಲದೆ ಹರಿಯುವ ನದಿ. ಕೊನೆಯ ಹಲವು ಕಿಲೋಮೀಟರ್‌ನಲ್ಲಿ ಸಮುದ್ರದ ನೀರು ಅದರೊಳಗೆ ಬಂದು ಹೋಗುತ್ತದೆ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ಶನಿವಾರ ಬೆಳಿಗ್ಗೆ 7ಕ್ಕೆ ಉಬ್ಬರ ಇದ್ದರೆ ಭಾನುವಾರ ಅದು 7:50ರ ಹೊತ್ತಿಗೆ. ಅಮಾವಾಸ್ಯೆ, ಹುಣ್ಣಿಮೆಗೆ ನೀರು ತೀರಾ ಮೇಲೆ ಬರುತ್ತದೆ, ತೀರಾ ಕೆಳಗೂ ಹೋಗುತ್ತದೆ. ಅಷ್ಟಮಿ, ನವಮಿ ಹೊತ್ತಿಗೆ ಏರುಪೇರು ಕಡಿಮೆ. ಆದ್ದರಿಂದ ನಾವು ಕ್ಯಾಲೆಂಡರಿನಲ್ಲಿ ಅಷ್ಟಮಿಗೆ ಹತ್ತಿರದ ಶನಿವಾರ ಹುಡುಕುತ್ತೇವೆ. ಹಳೆಯ ದೋಣಿಯವರು ತಿಥಿ ಕೇಳಿಯೇ ನೀರಿನ ಹೊತ್ತು ಹೇಳಿಬಿಡುತ್ತಾರೆ. ಮೊಬೈಲ್ ಆ್ಯಪ್ ನೋಡಿಕೊಳ್ಳಿ, ಆದರೆ ಕೊನೆಯ ಮಾತು ದೋಣಿಯವರದ್ದೇ ಇರಲಿ. ಆ್ಯಪ್ ಹೇಳುವುದು ಸಮುದ್ರದ ಬಾಯಿಯ ಹೊತ್ತು. ಹೊಳೆಯ ಒಳಗೆ ನೀರು ತಲುಪಲು ಇನ್ನೂ ಹೊತ್ತು ಬೇಕು.

ನಾನು ಇದನ್ನು ಕಲಿತದ್ದು ರಾಡಿಯಲ್ಲಿ ನಿಂತು. ಎರಡನೇ ವರ್ಷ ಅಮಾವಾಸ್ಯೆ ಮರುದಿನ ಹೋಗಿದ್ದೆವು. ಊಟ ಮುಗಿಸಿ ನಿಧಾನಕ್ಕೆ ದಡಕ್ಕೆ ಬಂದರೆ ದೋಣಿ ಮೂವತ್ತು ಹೆಜ್ಜೆ ಆಚೆ. ನಡುವೆ ನೀರಿಲ್ಲ, ಬೂದು ಬಣ್ಣದ ಹೊಳೆಯುವ ಕೆಸರು. ಸೈಕಲ್ ಹೆಗಲಿಗೇರಿಸಿ ಇಳಿದೆ. ನಾಲ್ಕನೇ ಹೆಜ್ಜೆಗೆ ಮೊಣಕಾಲು ಮುಳುಗಿತು. ಕಾಲು ಎಳೆದರೆ ಚಪ್ಪಲಿ ಒಳಗೇ ಉಳಿಯಿತು. ಅಲ್ಲೇ ಬುಟ್ಟಿ ಹಿಡಿದು ಬಳಚು (ತಿನ್ನುವ ಚಿಪ್ಪುಮೀನು) ಆರಿಸುತ್ತಿದ್ದ ಅಕ್ಕ ಒಬ್ಬರು "ತಮಾ, ನಿಲ್ಲು! ಅಲ್ಲಿ ಕಾಲು ಇಡಬೇಡ" ಅಂತ ಕೂಗಿದರು. ಕೆಸರಿನ ಮೇಲೆ ಸಾಲಾಗಿ ಚಿಪ್ಪಿನ ಚೂರು ಕಾಣುವ ಕಡೆ ಬೆರಳು ತೋರಿಸಿದರು. ಅಲ್ಲಿ ನೆಲ ಗಟ್ಟಿ. ಆ ಸಾಲು ಹಿಡಿದು, ಅಂಗಾಲು ಎರಡು ಕಡೆ ಕೊಯ್ದುಕೊಂಡು ದೋಣಿ ಮುಟ್ಟಿದೆ. ಒಂದೂವರೆ ಗಂಟೆ ಕಾದಿದ್ದರೆ ದೋಣಿ ದಡಕ್ಕೇ ಬರುತ್ತಿತ್ತು. ಈಗ ಕಾಯುತ್ತೇವೆ. ಆ ಕಾಯುವ ಹೊತ್ತೂ ಪ್ರವಾಸದ್ದೇ ಅಂತ ಲೆಕ್ಕ ಹಾಕಿದ್ದೇವೆ.

ಸೈಕಲ್ಲನ್ನು ದೋಣಿಗೆ ಹತ್ತಿಸೋದು ಹೇಗೆ?

ಮೊದಲು ಎಲ್ಲ ಚೀಲ ಬಿಚ್ಚಿ. ಚೀಲ ಸಮೇತ ಎತ್ತಲು ಹೋದರೆ ಒಂದೇ ಕಡೆ ಭಾರ ಬಿದ್ದು ಸಣ್ಣ ದೋಣಿ ವಾಲುತ್ತದೆ. ದೋಣಿಯವರು ಹೇಳಿದ ಕಡೆಯೇ ಇಡಿ, ತೂಕ ಎಲ್ಲಿ ಬರಬೇಕು ಅಂತ ಅವರಿಗೆ ಗೊತ್ತು. ಮಲಗಿಸಿ ಇಡುವುದಾದರೆ ಚೈನ್, ಗೇರ್ ಇರುವ ಬದಿ ಮೇಲೆ ಬರಲಿ. ದೋಣಿಯ ತಳದಲ್ಲಿ ಯಾವಾಗಲೂ ಸ್ವಲ್ಪ ಉಪ್ಪುನೀರು ನಿಂತಿರುತ್ತದೆ. ಸಣ್ಣ ಪಾತಿ ದೋಣಿಯಾದರೆ ಒಂದು ಸಲಕ್ಕೆ ಎರಡು ಸೈಕಲ್, ಇಬ್ಬರು ಜನ, ಅಷ್ಟೇ. ಆರು ಜನ ಇದ್ದರೆ ಮೂರು ಸಲ. ಅವಸರ ಮಾಡಿಸಬೇಡಿ. ದೋಣಿ ಹೊರಟ ಮೇಲೆ ಎದ್ದು ನಿಂತು ಫೋಟೊ ತೆಗೆಯಬೇಡಿ.

ಅಘನಾಶಿನಿ ಊರಿನಿಂದ ತದಡಿಗೆ ದಾಟುವ ಕಡೆ ತಾಪತ್ರಯ ಇಲ್ಲ. ಅಲ್ಲಿ ಯಂತ್ರದ ದೋಣಿ, ಮೋಟರ್ ಸೈಕಲ್ಲನ್ನೇ ದಾಟಿಸುತ್ತಾರೆ.

ದುಡ್ಡು ಎಷ್ಟು ಕೊಡಬೇಕು?

ಊರವರು ದಿನವೂ ಹೊಳೆ ದಾಟುವ ದೋಣಿಯಲ್ಲಿ, ಅಂದರೆ ತಾರಿಯಲ್ಲಿ, ಅವರು ಕೇಳಿದಷ್ಟು. ನಿಮಗೋಸ್ಕರ ಮೀನುಗಾರಿಕೆ ಬಿಟ್ಟು ದೋಣಿ ತಂದವರಿಗೆ ಮೊದಲೇ ಮಾತಾಡಿ, ಚೌಕಾಸಿ ಮಾಡದೆ ಕೊಡಿ. ಅವರ ಅರ್ಧ ದಿನದ ಸಂಪಾದನೆ ಅದು. ನೋಟು ಇಟ್ಟುಕೊಂಡಿರಿ, ಎಲ್ಲ ಕಡೆ ಫೋನಿಗೆ ಸಿಗ್ನಲ್ ಸಿಗುವುದಿಲ್ಲ.

ಗಜನಿಯ ಒಡ್ಡಿನ ಮೇಲೆ ಸೈಕಲ್ ಓಡಿಸಬಹುದಾ? ಫೋಟೊದಲ್ಲಿ ಬಹಳ ಚಂದ ಕಾಣ್ತದೆ.

ಚಂದ ಹೌದು. ಎರಡೂ ಬದಿ ನೀರು, ನಡುವೆ ಒಂದು ಗೆರೆಯ ಹಾಗೆ ದಾರಿ. ಆದರೆ ಅದು ದಾರಿ ಅಂತ ಕಟ್ಟಿದ್ದಲ್ಲ, ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಹೊಳೆಯ ಅಂಚಿನ ತಗ್ಗು ಭೂಮಿಗೆ ಇಲ್ಲಿ ಗಜನಿ ಅನ್ನುತ್ತಾರೆ. ಉಪ್ಪುನೀರು ಒಳಗೆ ನುಗ್ಗದ ಹಾಗೆ ಒಡ್ಡು ಕಟ್ಟಿ, ಅಲ್ಲಲ್ಲಿ ಹಲಗೆ ಬಾಗಿಲು ಇಟ್ಟು, ಮಳೆಗಾಲದಲ್ಲಿ ಅಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ. ಉಪ್ಪಿನಂಶವನ್ನೂ ನೆರೆಯಲ್ಲಿ ಮುಳುಗುವುದನ್ನೂ ತಾಳುವ ಭತ್ತ ಕಗ್ಗ. ಪೈರು ಆಳೆತ್ತರಕ್ಕೆ ಬರುತ್ತದೆ. ಗೊಬ್ಬರ, ಔಷಧಿ ಕೇಳುವುದಿಲ್ಲ. ಕುಮಟಾ ತಾಲ್ಲೂಕಿನ ಮಾಣಿಕಟ್ಟಾದ ರೈತರು ಒಟ್ಟಾಗಿ ಈ ಬೇಸಾಯವನ್ನು ಉಳಿಸಿಕೊಂಡು ಬಂದಿದ್ದಾರೆ. ಕೊಯ್ಲು ಆದ ಮೇಲೆ ಹಲಗೆ ಎತ್ತಿ ಹೊಳೆ ನೀರು ಒಳಗೆ ಬಿಡುತ್ತಾರೆ. ಆ ನೀರಿನೊಂದಿಗೆ ಸಿಗಡಿ, ಮೀನು ಬರುತ್ತವೆ. ಭತ್ತದ ಕೂಳೆ ಅವಕ್ಕೆ ಆಹಾರ, ಅವುಗಳ ಕಸ ಮುಂದಿನ ಭತ್ತಕ್ಕೆ ಗೊಬ್ಬರ. ಒಡ್ಡು ಒಂದು ಕಡೆ ಒಡೆದರೆ ಒಬ್ಬರ ಗದ್ದೆ ಹೋಗುವುದಲ್ಲ, ಇಡೀ ಗಜನಿಗೆ ಉಪ್ಪು ನುಗ್ಗುತ್ತದೆ.

ಅದಕ್ಕೇ ನಮ್ಮ ನಿಯಮ ಹೀಗೆ. ಉಪ್ಪುನೀರು ತಡೆಯಲು ಕಲ್ಲು ಕಟ್ಟಿದ ಅಗಲದ ಒಡ್ಡಿನ (ಖಾರ್‌ಲ್ಯಾಂಡ್ ಒಡ್ಡು) ಮೇಲೆ, ಊರವರೂ ಸೈಕಲ್, ಬೈಕು ಓಡಿಸುವ ಕಡೆ ಮಾತ್ರ ತುಳಿಯುತ್ತೇವೆ. ಮಣ್ಣಿನ ಒಡ್ಡಿನ ಮೇಲೆ ಇಳಿದು, ಸೈಕಲ್ ತಳ್ಳಿಕೊಂಡು, ಒಬ್ಬರ ಹಿಂದೆ ಒಬ್ಬರು ನಡೆಯುತ್ತೇವೆ. ಒದ್ದೆ ಇದ್ದರೆ ಅದೂ ಇಲ್ಲ. ಚಕ್ರ ಹಾಕಿದ ಗೀರಿನಲ್ಲಿ ನೀರು ಹರಿಯಲು ಶುರುವಾದರೆ ಒಡ್ಡಿಗೆ ಬಾಯಿ ಬೀಳುತ್ತದೆ. ಏಡಿ ಕೊರೆದ ತೂತುಗಳು ಹೇಗೂ ಇರುತ್ತವೆ, ಅದಕ್ಕೆ ನಾವು ಬೇರೆ ಸೇರುವುದು ಬೇಡ ಅಲ್ವಾ?

ಹಲಗೆ ಬಾಗಿಲನ್ನಂತೂ ಮುಟ್ಟಲೇಬೇಡಿ. ಕುತೂಹಲಕ್ಕೂ ಬೇಡ.

ಟೆಂಟ್ ಹಾಕಬಹುದಾ?

ಮನೆಯವರ ಅಂಗಳದಲ್ಲಿ ಅಥವಾ ತೋಟದಲ್ಲಿ, ಅವರನ್ನು ಕೇಳಿ. ತೆಂಗಿನ ಮರದ ಕೆಳಗೆ ಬೇಡ, ಕಾಯಿ ಬೀಳುತ್ತದೆ. ಹೊಳೆ ದಡದಲ್ಲಿ ಬೇಡ, ರಾತ್ರಿಯ ಉಬ್ಬರ ಬರುತ್ತದೆ. ಘಟ್ಟದ ಕಾಡಿನಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ತಂಗುವ ಹಾಗಿಲ್ಲ. ನಾವು ಈಗ ಟೆಂಟ್ ಒಯ್ಯುವುದನ್ನೇ ಬಿಟ್ಟಿದ್ದೇವೆ. ಜಗುಲಿ, ಚಾಪೆ, ಸೊಳ್ಳೆಪರದೆ ಸಾಕು. ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಹತ್ತಿರ ಸೊಳ್ಳೆ ಬಹಳ, ಪರದೆ ಮರೆಯಬೇಡಿ.

ರಾತ್ರಿ ಎಚ್ಚರವಾದರೆ ಸ್ವಲ್ಪ ಹೊತ್ತು ಕಿವಿಗೊಟ್ಟು ಮಲಗಿ. ಇಳಿತದ ಹೊತ್ತಿಗೆ ಕೆಸರಿನಿಂದ ಚಟಪಟ ಅಂತ ಸಣ್ಣ ಸದ್ದು ಬರುತ್ತಲೇ ಇರುತ್ತದೆ. ಹೊಳೆಯಾಚೆಯಿಂದ ಕೊಂಕಣ ರೈಲು ಸೇತುವೆ ದಾಟುವ ಸದ್ದು ಗಾಳಿ ಇದ್ದ ಕಡೆಗೆ ಕೇಳುತ್ತದೆ.

ಊಟ, ನೀರು?

ಕುಮಟಾದಲ್ಲಿ ಬನ್ಸ್-ಭಾಜಿ ತಿಂದು ಮುಂದೆ ಹೋಗಿ. ಕುರ್ವೆಯಲ್ಲಿ ಹೋಟೆಲ್ ಇಲ್ಲ ಅಂತಲೇ ತಿಳಿದುಕೊಳ್ಳಿ. ಮೊದಲೇ ಹೇಳಿದರೆ ಮನೆಯವರು ಅಡುಗೆ ಮಾಡಿ ಬಡಿಸುತ್ತಾರೆ. ಕುಚ್ಚಿಗೆ ಅಕ್ಕಿ ಅನ್ನ, ಆ ದಿನ ಸಿಕ್ಕಿದ ಮೀನಿನ ಸಾರು. ನಮ್ಮ ಗುಂಪಿನಲ್ಲಿ ಮೀನು ತಿನ್ನದವರೂ ಇದ್ದಾರೆ, ಅವರು ಶಿರಸಿಯಿಂದ ಅಪ್ಪೆಮಿಡಿ ಉಪ್ಪಿನಕಾಯಿ ತರುತ್ತಾರೆ. ಅದು ಎರಡೂ ಪಂಕ್ತಿಯಲ್ಲಿ ಖರ್ಚಾಗುತ್ತದೆ.

ಕುಡಿಯುವ ನೀರಿನ ವಿಷಯ ಮಾತ್ರ ಗಂಭೀರ. ಸುತ್ತ ನೀರಿದ್ದರೂ ಬೇಸಿಗೆ ಹತ್ತಿರ ಬಂದ ಹಾಗೆ ಕುರ್ವೆಯ ಬಾವಿಗಳಲ್ಲಿ ಉಪ್ಪು ಏರುತ್ತದೆ. ಸಿಹಿನೀರು ಅಲ್ಲಿ ಲೆಕ್ಕ ಮಾಡಿ ಬಳಸುವ ವಸ್ತು. ತಲೆಗೆ ನಾಲ್ಕು ಲೀಟರ್ ಕುಮಟಾದಲ್ಲೇ ತುಂಬಿಸಿಕೊಳ್ಳಿ. ಅವರ ಬಾವಿ ನೀರಿನಲ್ಲಿ ಸೈಕಲ್ ತೊಳೆಯುವ ಮಾತು ಎತ್ತಬೇಡಿ.

ಎಂಥ ಸೈಕಲ್ ಬೇಕು? ಏನೇನು ಒಯ್ಯಬೇಕು?

ದುಬಾರಿ ಸೈಕಲ್ ಬೇಡ. ಗೇರ್ ಇರುವ, ಟೈರ್ 38-40 ಮಿಲಿಮೀಟರ್ ಆದರೂ ಅಗಲ ಇರುವ ಯಾವುದಾದರೂ ಆಗುತ್ತದೆ. ತೆಳು ಟೈರಿನ ರೋಡ್ ಬೈಕ್ ಚಿರೇಕಲ್ಲಿನ ದಾರಿಯಲ್ಲಿ, ಮರಳಿನಲ್ಲಿ ಸೋಲುತ್ತದೆ. ಎರಡು ಟ್ಯೂಬ್, ಪಂಕ್ಚರ್ ಸಾಮಾನು, ಪಂಪ್, ಚೈನ್ ಎಣ್ಣೆ. ಚಿಪ್ಪು ಕೊಯ್ಯುವುದರಿಂದ ಗಟ್ಟಿ ತಳದ ಚಪ್ಪಲಿ ಒಂದು ಜೊತೆ. ಬಟ್ಟೆ, ಫೋನ್ ಎಲ್ಲ ನೀರು ಹೋಗದ ಚೀಲದಲ್ಲಿ. ಒಟ್ಟು ಸಾಮಾನು ಎಂಟು ಕೆ.ಜಿ. ದಾಟಿದರೆ ಬಿಚ್ಚಿ ಮತ್ತೆ ಆರಿಸಿ.

ಉಪ್ಪುನೀರಿಗೆ ಸೈಕಲ್ ಹಾಳಾಗೋದಿಲ್ವಾ?

ಬಿಟ್ಟರೆ ಹಾಳಾಗುತ್ತದೆ. ಎರಡೇ ದಿನದಲ್ಲಿ ಚೈನ್ ಕೆಂಪಾಗುತ್ತದೆ. ಶನಿವಾರ ರಾತ್ರಿ ಒಣ ಬಟ್ಟೆಯಲ್ಲಿ ಚೈನ್ ಒರೆಸಿ ಎಣ್ಣೆ ಹಾಕಿ. ಮನೆಗೆ ಬಂದ ದಿನವೇ ಸಿಹಿನೀರಿನಲ್ಲಿ ತೊಳೆಯಿರಿ. ಸುಸ್ತಾಗಿದೆ ಅಂತ ಸೋಮವಾರಕ್ಕೆ ಬಿಡಬೇಡಿ.

ಮಂಗನ ಕಾಯಿಲೆಯ ಭಯ ಇದೆಯಾ?

ಘಟ್ಟದ ಮೇಲಿನ ಕಾಡಿನಲ್ಲಿ ಇದೆ, ಅದರಲ್ಲೂ ಡಿಸೆಂಬರ್‌ನಿಂದ ಮೇ ತನಕ. ಉಣುಗಿನಿಂದ ಹರಡುವ ಜ್ವರ ಅದು. ಡಾಂಬರು ರಸ್ತೆ ಬಿಟ್ಟು ಕಾಡಿನೊಳಗೆ ಹೋಗಿ ತರಗೆಲೆ ಮೇಲೆ ಕೂರುವುದು, ಮಲಗುವುದು ಬೇಡ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಆರೋಗ್ಯ ಇಲಾಖೆಯವರಿಗೆ ತಿಳಿಸಿ. ಪ್ರವಾಸದ ನಂತರ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಿ. ಬೇರೆ ಏನೇ ತುರ್ತು ಬಂದರೂ 112, ಆಂಬ್ಯುಲೆನ್ಸಿಗೆ 108.

ಭಾನುವಾರ ಏನೇನು ನೋಡಬಹುದು?

ಬೆಳಿಗ್ಗೆ ಕುರ್ವೆ ಬಿಟ್ಟು ಬಾಡ, ಕಾಗಾಲ ಮೇಲೆ ಅಘನಾಶಿನಿ ಊರಿಗೆ. ಸಮುದ್ರ ಬಲಗಡೆ ಅಂತ ಹುಡುಕಬೇಡಿ, ಉತ್ತರಕ್ಕೆ ಹೋಗುವಾಗ ಅದು ಎಡಕ್ಕೆ. ಅಲ್ಲಿಂದ ತದಡಿಗೆ ದಾಟುವಾಗ ದೋಣಿಯಲ್ಲಿ ಸುತ್ತ ನೋಡಿ. ಹೊಳೆ ಸಮುದ್ರ ಸೇರುವ ಈ ಅಳಿವೆಗೆ 2024ರಲ್ಲಿ ರಾಮ್ಸರ್ ಮಾನ್ಯತೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅನ್ನುವ ಮಾನ್ಯತೆ ಸಿಕ್ಕಿದೆ, 4,801 ಹೆಕ್ಟೇರ್. ಹಕ್ಕಿ, ಮೀನು, ಕಾಂಡ್ಲಾ, ಬಳಚು, ಅದನ್ನು ನಂಬಿದ ಸಾವಿರಾರು ಮನೆ ಎಲ್ಲ ಸೇರಿದ ಲೆಕ್ಕ ಅದು.

ತದಡಿಯಿಂದ ಗೋಕರ್ಣದ ಕಡೆ ಹೋಗುವವರು ಸಾಣಿಕಟ್ಟಾದ ಉಪ್ಪಿನಾಗರ ಬಿಡಬೇಡಿ. ಜನವರಿ ನಂತರ ಹೋದರೆ ಉಪ್ಪು ಎಳೆಯುವುದನ್ನು ನೋಡಬಹುದು. ಉದ್ದ ಕೋಲಿನ ಹಲಗೆಯಲ್ಲಿ ನೀರಿನ ತಳದಿಂದ ಉಪ್ಪನ್ನು ಮೆಲ್ಲಗೆ ಬದಿಗೆ ಎಳೆಯುತ್ತಾರೆ. ಜೋರಾಗಿ ಎಳೆದರೆ ಕೆಳಗಿನ ಮಣ್ಣು ಸೇರಿಬಿಡುತ್ತದೆ. ಬದಿಯಲ್ಲಿ ಸಣ್ಣ ಸಣ್ಣ ಬಿಳಿ ಗುಪ್ಪೆ. ಮಡಿಗಳ ನಡುವಿನ ಕಟ್ಟೆ ಮೇಲೆ ಸೈಕಲ್ ಬೇಡ, ರಸ್ತೆ ಬದಿಗೆ ನಿಲ್ಲಿಸಿ ನಡೆಯಿರಿ. ಗೋಕರ್ಣದ ಬಗ್ಗೆ ನಾನು ಹೇಳಬೇಕಾದ್ದಿಲ್ಲ, ಎಲ್ಲರೂ ಹೋದವರೇ.

ಬೆಂಗಳೂರು, ಹುಬ್ಬಳ್ಳಿ ಕಡೆಯಿಂದ ಸೈಕಲ್ ತರೋದು ಹೇಗೆ?

ಕೊಂಕಣ ರೈಲಿನ ಕುಮಟಾ, ಗೋಕರ್ಣ ರೋಡ್ ಎರಡೂ ನಿಲ್ದಾಣ ಹತ್ತಿರ. ಬ್ರೇಕ್ ವ್ಯಾನಿನಲ್ಲಿ ಕಳಿಸುವುದಾದರೆ ನಿಮ್ಮ ರೈಲು ಆ ನಿಲ್ದಾಣದಲ್ಲಿ ಎಷ್ಟು ನಿಮಿಷ ನಿಲ್ಲುತ್ತದೆ, ಅಲ್ಲಿ ಲಗೇಜ್ ಇಳಿಸುತ್ತಾರಾ ಅಂತ ಬುಕ್ ಮಾಡುವ ಮೊದಲೇ ಪಾರ್ಸೆಲ್ ಕಚೇರಿಯಲ್ಲಿ ಕೇಳಿ. ಚಕ್ರ ಬಿಚ್ಚಿ ಚೀಲಕ್ಕೆ ಹಾಕಿದರೆ ಸುಲಭ. ಹುಬ್ಬಳ್ಳಿಯವರು ಬಸ್ಸಿನಲ್ಲಿ ಶಿರಸಿಗೆ ಬಂದು ಇಳಿಯುವುದೇ ಒಳ್ಳೆಯದು.

ಕುರ್ವೆಯ ಮನೆಯವರಿಗೆ ಏನಾದರೂ ಒಯ್ಯಬೇಕಾ?

ಊಟ, ವಸತಿಯ ದುಡ್ಡು ಬೇರೆ, ಅದನ್ನು ಕೊಡಲೇಬೇಕು. ಅದರ ಮೇಲೆ ನಾವು ಶಿರಸಿಯಿಂದ ತೊಡದೇವು ಅನ್ನುವ ತೆಳು ಸಿಹಿತಿಂಡಿ, ಒಂದಿಷ್ಟು ಬಾಳೆಕಾಯಿ ಚಿಪ್ಸ್ ಒಯ್ಯುತ್ತೇವೆ. ಆದರೆ ಅಲ್ಲಿ ಎಲ್ಲಕ್ಕಿಂತ ಬೇಡಿಕೆ ಇರುವುದು ಪಂಕ್ಚರ್ ಪಟ್ಟಿಗೆ. ಮೊದಲ ವರ್ಷ ಭಾನುವಾರ ಬೆಳಿಗ್ಗೆ ನನ್ನ ಟ್ಯೂಬಿಗೆ ಪಟ್ಟಿ ಹಚ್ಚುತ್ತಾ ಅಂಗಳದಲ್ಲಿ ಕೂತಿದ್ದೆ. ಪಕ್ಕದ ಮನೆಯ ಹುಡುಗಿ ತನ್ನ ಶಾಲೆಯ ಸೈಕಲ್ ತಳ್ಳಿಕೊಂಡು ಬಂದು ಸುಮ್ನೆ ನಿಂತಳು. ಹಿಂದಿನ ಚಕ್ರ ನೆಲಕ್ಕೆ ಕೂತಿತ್ತು. ಪಂಕ್ಚರ್ ಹಾಕಿಸಲು ಸೈಕಲ್ಲನ್ನು ದೋಣಿಯಲ್ಲಿ ದಾಟಿಸಿ ಪೇಟೆಗೇ ಒಯ್ಯಬೇಕಂತೆ. ಅದು ಮುಗಿಯುವಷ್ಟರಲ್ಲಿ ಇನ್ನೂ ಮೂರು ಸೈಕಲ್ ಬಂದಿದ್ದವು. ಈಗ ಪ್ರತಿ ಸಲ ಎರಡು ಡಬ್ಬಿ ಪಟ್ಟಿ, ಒಂದು ಸೊಲ್ಯೂಷನ್ ಟ್ಯೂಬ್, ಒಂದು ಪಂಪ್ ಜಾಸ್ತಿ ಇಟ್ಟುಕೊಳ್ಳುತ್ತೇವೆ. ಹೋದ ಸಲ ಬರುವಾಗ ಪಂಪನ್ನು ಅವಳ ಹತ್ತಿರವೇ ಬಿಟ್ಟು ಬಂದೆವು. ಪಟ್ಟಿ ಹಚ್ಚುವುದನ್ನು ಅವಳು ಆಗಲೇ ಕಲಿತಿದ್ದಳು.